ಹುಟ್ಟಿದ ಇಸವಿ ಹೇಳುವ ಲೆಕ್ಕ: ಜಪಾನಿನ ಹೊಟ್ಟೆ ಕ್ಯಾನ್ಸರ್ ನಿಜಕ್ಕೂ ಇಳಿದಿದೆಯಾ?

1975ರಲ್ಲಿ ಜಪಾನಿನಲ್ಲಿ ಹೊಟ್ಟೆ ಕ್ಯಾನ್ಸರಿನಿಂದ ಸತ್ತವರು ಸುಮಾರು 50 ಸಾವಿರ. 1990ರಲ್ಲಿ ಅದಕ್ಕಿಂತ ಚೂರು ಕಡಿಮೆ. 2000ದಲ್ಲಿ ಮತ್ತೆ 50 ಸಾವಿರ. 2010ರಲ್ಲೂ ಹೆಚ್ಚುಕಮ್ಮಿ ಅಷ್ಟೇ. ಈ 35 ವರ್ಷಗಳಲ್ಲಿ ಆ ದೇಶ ಊರೂರಿಗೆ ಎಕ್ಸ್‌ರೇ ಬಸ್ಸು ಕಳಿಸಿತು. ಗಂಟಲಿನಿಂದ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವ ಎಂಡೋಸ್ಕೋಪಿಯಲ್ಲಿ ಜಗತ್ತಿಗೇ ಗುರುವಾಯಿತು. ಆದರೂ ಸಾವಿನ ಅಂಕಿ ಅಲುಗಾಡಲಿಲ್ಲ. ಇಷ್ಟೇ ನೋಡಿದರೆ, ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು ಅನ್ನಿಸುತ್ತದೆ ಅಲ್ವಾ?

ಈಗ ಇನ್ನೊಂದು ಲೆಕ್ಕ ನೋಡಿ. ವಯಸ್ಸಿನ ವ್ಯತ್ಯಾಸವನ್ನು ಸರಿತೂಗಿಸಿ ನೋಡಿದರೆ, ಜಪಾನಿನ ಗಂಡಸರಲ್ಲಿ ಹೊಟ್ಟೆ ಕ್ಯಾನ್ಸರಿನ ಸಾವಿನ ದರ 1960ರ ಸುಮಾರಿಗೆ ಇದ್ದದ್ದರ ಕಾಲು ಭಾಗಕ್ಕೂ ಕೆಳಗೆ ಇಳಿದಿದೆ. ಹೆಂಗಸರಲ್ಲೂ ಇಳಿತ ಜೋರಾಗಿಯೇ ಇದೆ. ಒಂದೇ ದೇಶ, ಒಂದೇ ಕಾಯಿಲೆ. ಒಂದು ಅಂಕಿ ನಿಂತಲ್ಲೇ ನಿಂತಿದೆ, ಇನ್ನೊಂದು ಪಾತಾಳಕ್ಕೆ ಇಳಿದಿದೆ. ಎರಡೂ ಸುಳ್ಳಲ್ಲ.

ವಿಷಯ ಏನೆಂದರೆ ಜಪಾನ್ ಮುದಿಯಾಯಿತು. 1970ರಲ್ಲಿ ಅಲ್ಲಿ 65 ದಾಟಿದವರು ನೂರಕ್ಕೆ 7 ಜನ. ಈಗ ನೂರಕ್ಕೆ 29. ಹೊಟ್ಟೆ ಕ್ಯಾನ್ಸರ್ ಹೆಚ್ಚಾಗಿ ವಯಸ್ಸಾದವರ ಕಾಯಿಲೆ. 40ರೊಳಗೆ ಅಪರೂಪ, 50ರ ಮೇಲೆ ಏರತೊಡಗುತ್ತದೆ, 70-80ರಲ್ಲಿ ಶಿಖರ ಮುಟ್ಟುತ್ತದೆ. ಒಬ್ಬೊಬ್ಬರಿಗೂ ಇರುವ ಅಪಾಯ ಕಡಿಮೆಯಾಗುತ್ತಾ ಬಂತು, ಅಪಾಯದ ವಯಸ್ಸಿನಲ್ಲಿರುವವರ ಸಂಖ್ಯೆ ಜಾಸ್ತಿಯಾಗುತ್ತಾ ಹೋಯಿತು. ಎರಡೂ ಒಂದನ್ನೊಂದು ಹೊಡೆದುಹಾಕಿ, ಒಟ್ಟು ಸಾವು 50 ಸಾವಿರದಲ್ಲೇ ನಿಂತಿತು. ಕಳೆದ ಹತ್ತು ವರ್ಷಗಳಲ್ಲಷ್ಟೇ ಆ ಸಮತೋಲ ತಪ್ಪಿ, 2022ರ ಹೊತ್ತಿಗೆ ಸಾವು ಸುಮಾರು 40 ಸಾವಿರಕ್ಕೆ ಬಂದಿದೆ.

ಇಲ್ಲೊಂದು ಸಣ್ಣ ಪಕ್ಕದ ಮಾತು. ವಯಸ್ಸನ್ನು ಸರಿತೂಗಿಸಬೇಕಾದರೆ ಒಂದು ಅಳತೆಗೋಲು ಬೇಕು. "ಎಲ್ಲ ದೇಶಗಳಲ್ಲೂ ವಯಸ್ಸಿನ ಹಂಚಿಕೆ ಹೀಗಿದ್ದಿದ್ದರೆ ದರ ಎಷ್ಟಾಗುತ್ತಿತ್ತು" ಎಂದು ನೋಡಲು ಬಳಸುವ ಕಾಲ್ಪನಿಕ ಜನಸಂಖ್ಯೆ ಅದು. ಇವತ್ತಿಗೂ ದೇಶ ದೇಶಗಳ ಕ್ಯಾನ್ಸರ್ ಹೋಲಿಸಲು ಬಳಸುವ ಆ ಗೋಲು ಹುಟ್ಟಿದ್ದು ಜಪಾನಿನಲ್ಲೇ. ತೊಹೊಕು ವಿಶ್ವವಿದ್ಯಾಲಯದ ಮಿತ್ಸುವೊ ಸೆಗಿ 1960ರಲ್ಲಿ 24 ದೇಶಗಳ ಕ್ಯಾನ್ಸರ್ ಸಾವುಗಳನ್ನು ಹೋಲಿಸಲು ಹೊರಟಾಗ ಅದನ್ನು ರೂಪಿಸಿದರು. ಆಮೇಲೆ ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಜೊತೆಯವರು ಅದನ್ನು ಸ್ವಲ್ಪ ತಿದ್ದಿದರು. ಸೆಗಿ ಅವರ ಹೋಲಿಕೆಯಲ್ಲಿ ಹೊಟ್ಟೆ ಕ್ಯಾನ್ಸರಿನ ಪಟ್ಟಿಯ ತುದಿಯಲ್ಲಿ ನಿಂತದ್ದು ಅವರದೇ ದೇಶ.

ಇಂದಿಗೂ ಜಪಾನ್ ಆ ಪಟ್ಟಿಯ ಮೇಲ್ತುದಿಯಲ್ಲೇ ಇದೆ, ಮಂಗೋಲಿಯಾ ಮತ್ತು ದಕ್ಷಿಣ ಕೊರಿಯಾದ ಜೊತೆ. ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು ಅಲ್ಲಿ ಸಿಗುತ್ತಾರೆ. ಇಡೀ ಜಗತ್ತಿನಲ್ಲಿ 2022ರಲ್ಲಿ ಸಿಕ್ಕವರು ಸುಮಾರು 9.7 ಲಕ್ಷ. ಅಂದರೆ ಎಂಟು ರೋಗಿಗಳಲ್ಲಿ ಒಬ್ಬರಷ್ಟು ಜಪಾನಿನವರು. ಜಗತ್ತಿನ ಜನಸಂಖ್ಯೆಯಲ್ಲಿ ಆ ದೇಶದ ಪಾಲು ನೂರಕ್ಕೆ ಎರಡೂ ಇಲ್ಲ.

ಹಾಗಾದರೆ ಇಳಿದದ್ದು ಯಾಕೆ? ಇನ್ನೂ ಮೇಲಿರುವುದು ಯಾಕೆ? ಎರಡಕ್ಕೂ ಉತ್ತರ ಹುಡುಕಿದರೆ ಸಿಗುವುದು ಆಸ್ಪತ್ರೆಯಲ್ಲಲ್ಲ, ಹುಟ್ಟಿದ ಇಸವಿಯಲ್ಲಿ. ನಡುವೆ ಇರುವುದು ಒಂದು ಬ್ಯಾಕ್ಟೀರಿಯಾ.

ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಹೊಟ್ಟೆಯೊಳಗೆ ವಾಸ ಮಾಡುವ ಸುರುಳಿಯಾಕಾರದ ಒಂದು ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಅಷ್ಟು ಆಮ್ಲದಲ್ಲಿ ಯಾವ ಜೀವಿಯೂ ನೆಲೆಸಲಾರದು ಎಂದೇ ಆಗಿನ ವೈದ್ಯರು ನಂಬಿದ್ದರು. ನಂಬಿಸುವುದಕ್ಕಾಗಿ ಮಾರ್ಷಲ್ ಅದನ್ನು ತಾವೇ ಕುಡಿದರು, ಹೊಟ್ಟೆಯ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದಕ್ಕೂ ಮೊದಲೇ, 1994ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಈ ಬ್ಯಾಕ್ಟೀರಿಯಾವನ್ನು ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತ್ತು.

ಜಪಾನಿನಲ್ಲಿ ಇದರ ಪಾತ್ರ ಎಷ್ಟು ದೊಡ್ಡದು ಎಂಬುದನ್ನು ತೋರಿಸಿದ್ದು 2001ರಲ್ಲಿ ಬಂದ ಒಂದು ಅಧ್ಯಯನ. ಹೊಟ್ಟೆಯ ತೊಂದರೆ ಇದ್ದ 1,526 ಜನರನ್ನು ಸರಾಸರಿ 7.8 ವರ್ಷ ಎಂಡೋಸ್ಕೋಪಿ ಮಾಡುತ್ತಾ ನೋಡಿದರು. ಪೈಲೋರಿ ಇದ್ದ 1,246 ಜನರಲ್ಲಿ 36 ಜನರಿಗೆ ಕ್ಯಾನ್ಸರ್ ಬಂತು. ಇಲ್ಲದ 280 ಜನರಲ್ಲಿ ಒಬ್ಬರಿಗೂ ಬರಲಿಲ್ಲ. ಬೇರೆ ಅಧ್ಯಯನಗಳಲ್ಲೂ ಪೈಲೋರಿ ಸೋಂಕು ಎಂದೂ ತಾಗದವರ ಪಾಲು ಜಪಾನಿನ ಹೊಟ್ಟೆ ಕ್ಯಾನ್ಸರ್ ರೋಗಿಗಳಲ್ಲಿ ನೂರಕ್ಕೆ ಒಂದೆರಡರ ಆಸುಪಾಸು. ಹಾಗಂತ ಸೋಂಕು ಇದ್ದವರೆಲ್ಲ ಹೆದರಬೇಕಿಲ್ಲ. ಜೀವಮಾನವಿಡೀ ಹೊತ್ತು ತಿರುಗಿದರೂ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದಿಲ್ಲ. ಬೀಗಕ್ಕೆ ಕೀಲಿ ಅದೊಂದೇ ಅಲ್ಲ, ಆದರೆ ಆ ಕೀಲಿ ಇಲ್ಲದೆ ಬಾಗಿಲು ತೆರೆಯುವುದು ತೀರಾ ಅಪರೂಪ.

ಮುಖ್ಯ ಮಾತು ಇದು: ಪೈಲೋರಿ ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲೇ ಅಂಟುತ್ತದೆ, ಹೆಚ್ಚಾಗಿ ಮೊದಲ ಐದಾರು ವರ್ಷಗಳೊಳಗೆ. ಒಮ್ಮೆ ಅಂಟಿದರೆ ಔಷಧಿ ಕೊಡದ ಹೊರತು ಹೋಗುವುದಿಲ್ಲ. ದೊಡ್ಡವರಾದ ಮೇಲೆ ಹೊಸದಾಗಿ ಅಂಟುವುದು ಕಡಿಮೆ. ಕೊಳಕು ನೀರು, ಶೌಚದ ಅವ್ಯವಸ್ಥೆ, ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ ಮನೆ, ತಾಯಿಯಿಂದ ಮಗುವಿಗೆ: ಇವು ಅದರ ದಾರಿಗಳು. ಈಗ ಜಪಾನಿನ ನೀರಿನ ಕಥೆ ನೋಡಿ. 1950ರಲ್ಲಿ ನಲ್ಲಿ ನೀರು ಸಿಗುತ್ತಿದ್ದದ್ದು ಕಾಲು ಭಾಗ ಜನರಿಗೆ. 1960ಕ್ಕೆ ಅರ್ಧ ಜನರಿಗೆ. 1970ಕ್ಕೆ ನೂರಕ್ಕೆ 80 ಜನರಿಗೆ.

ಇದರ ಪಕ್ಕಕ್ಕೆ ಸೋಂಕಿನ ಲೆಕ್ಕ ಇಡಿ. 1940ರಲ್ಲಿ ಹುಟ್ಟಿದ ಜಪಾನೀಯರಲ್ಲಿ ನೂರಕ್ಕೆ ಸುಮಾರು 64 ಜನರಲ್ಲಿ ಪೈಲೋರಿ ಇತ್ತು. 1960ರಲ್ಲಿ ಹುಟ್ಟಿದವರಲ್ಲಿ ಅರ್ಧದಷ್ಟು ಜನರಲ್ಲಿ. 1970ರವರಲ್ಲಿ 35. 1980ರವರಲ್ಲಿ 25. 2000ದಲ್ಲಿ ಹುಟ್ಟಿದವರಲ್ಲಿ ಸುಮಾರು 7. ಅಜ್ಜಿಯ ಹೊಟ್ಟೆಯಲ್ಲಿ ಇದ್ದದ್ದು ಮಗಳ ಹೊಟ್ಟೆಯಲ್ಲಿ ಅರ್ಧ, ಮೊಮ್ಮಗಳ ಹೊಟ್ಟೆಯಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಯಾವ ವೈದ್ಯರೂ ಇದನ್ನು ಯೋಜನೆ ಹಾಕಿ ಮಾಡಲಿಲ್ಲ. ನೀರಿನ ಪೈಪು ಹಾಕಿದ ಎಂಜಿನಿಯರಿಗೆ ತಾನು ಹೊಟ್ಟೆ ಕ್ಯಾನ್ಸರ್ ತಡೆಯುತ್ತಿದ್ದೇನೆ ಎಂದು ಗೊತ್ತಿರಲಿಲ್ಲ. ಆಗ ಪೈಲೋರಿ ಎಂಬ ಹೆಸರೇ ಇರಲಿಲ್ಲವಲ್ಲ!

ಹಾಗಾಗಿ ಜಪಾನಿನ ರಾಷ್ಟ್ರೀಯ ದರ ಎಂದು ನಾವು ಓದುವ ಒಂದು ಅಂಕಿ, ನಿಜದಲ್ಲಿ ಬೇರೆ ಬೇರೆ ಕಾಲದಲ್ಲಿ ಬಾಲ್ಯ ಕಳೆದ ಹಲವು ಜನಸಮೂಹಗಳ ಕಲಸುಮೇಲೋಗರ. ಇವತ್ತಿನ ಆಸ್ಪತ್ರೆಗೆ ಬರುವ 78 ವರ್ಷದ ರೋಗಿ ತಂದಿರುವುದು ಎರಡನೇ ಮಹಾಯುದ್ಧ ಮುಗಿದ ಹೊಸತರ ಬಾವಿ ನೀರಿನ ಕಾಯಿಲೆ. ಆಗಲೇ ಜಪಾನಿನಲ್ಲಿ ಜನನ ಪ್ರಮಾಣ ಉಕ್ಕಿತ್ತು. 1947ರಿಂದ 49ರ ನಡುವೆ ಹುಟ್ಟಿದ ಆ ದೊಡ್ಡ ಪೀಳಿಗೆ ಈಗ 75 ದಾಟಿದೆ. ಒಟ್ಟು ಅಂಕಿ ಇಷ್ಟು ನಿಧಾನವಾಗಿ ಇಳಿಯುವುದಕ್ಕೆ ಇವರೇ ದೊಡ್ಡ ಕಾರಣ.

ಬಾಲ್ಯವೇ ಮುಖ್ಯ ಎಂಬ ಅನುಮಾನ ಪೈಲೋರಿ ಸಿಗುವುದಕ್ಕೂ ಮುಂಚೆಯೇ ಹುಟ್ಟಿತ್ತು. 1968ರಲ್ಲಿ ವಿಲಿಯಂ ಹೆನ್ಸೆಲ್ ಮತ್ತು ಮಿನೋರು ಕುರಿಹಾರಾ ಅಮೆರಿಕಕ್ಕೆ ವಲಸೆ ಹೋದ ಜಪಾನೀಯರ ಸಾವಿನ ಲೆಕ್ಕ ತೆಗೆದರು. ಜಪಾನಿನಲ್ಲಿ ಹುಟ್ಟಿ ಬೆಳೆದು ಆಮೇಲೆ ಹೋದವರಲ್ಲಿ ಹೊಟ್ಟೆ ಕ್ಯಾನ್ಸರ್ ಜಾಸ್ತಿಯೇ ಉಳಿದಿತ್ತು. ದಶಕಗಟ್ಟಲೆ ಅಮೆರಿಕದ ಊಟ ಉಂಡರೂ ಅಷ್ಟೇನೂ ಇಳಿಯಲಿಲ್ಲ. ಅಲ್ಲೇ ಹುಟ್ಟಿದ ಅವರ ಮಕ್ಕಳಲ್ಲಿ ಎದ್ದು ಕಾಣುವಷ್ಟು ಇಳಿಯಿತು. ರಕ್ತ ಅದೇ, ಮನೆತನ ಅದೇ. ಬದಲಾದದ್ದು ಬಾಲ್ಯ ಕಳೆದ ಜಾಗ. ವಂಶವಾಹಿಯ ಮೇಲೆ ಎಲ್ಲ ತಪ್ಪು ಹೊರಿಸುವವರಿಗೆ ಈ ಒಂದು ಅಧ್ಯಯನ ಸಾಕು.

ಆದರೆ ಪೈಲೋರಿ ಒಂದರಿಂದಲೇ ಎಲ್ಲ ಬಿಡಿಸಿ ಹೇಳಲು ಆಗುವುದಿಲ್ಲ. ಜಪಾನಿನ ನಕ್ಷೆ ಹರಡಿದರೆ ಇದು ಗೊತ್ತಾಗುತ್ತದೆ. ಹೊನ್ಶು ದ್ವೀಪದ ಉತ್ತರ ಭಾಗ, ಅದರಲ್ಲೂ ಜಪಾನ್ ಸಮುದ್ರದ ಕಡೆಯ ಅಕಿತಾ, ಯಮಗಾತಾ, ನೀಗಾತಾ ಪ್ರಾಂತ್ಯಗಳಲ್ಲಿ ಹೊಟ್ಟೆ ಕ್ಯಾನ್ಸರ್ ಹಿಂದಿನಿಂದಲೂ ಜಾಸ್ತಿ. ದಕ್ಷಿಣಕ್ಕೆ ಕ್ಯೂಶು ದ್ವೀಪದ ಕುಮಾಮೊತೊ, ಕಾಗೊಶಿಮಾ ಕಡೆ ಹೋದರೆ ಕಡಿಮೆ. ಇನ್ನೂ ದಕ್ಷಿಣದ ಒಕಿನಾವಾದಲ್ಲಿ ಎಲ್ಲಕ್ಕಿಂತ ಕಡಿಮೆ. ಒಕಿನಾವಾದವರಲ್ಲಿ ಪೈಲೋರಿ ಇಲ್ಲ ಎಂದೇನೂ ಅಲ್ಲ.

ಇಲ್ಲಿ ಎರಡು ವಿಷಯ ಸೇರಿಕೊಳ್ಳುತ್ತವೆ. ಒಂದು ಉಪ್ಪು. ಅಕಿತಾದಲ್ಲಿ ಚಳಿಗಾಲ ಎಂದರೆ ತಿಂಗಳುಗಟ್ಟಲೆ ಹಿಮ. ಫ್ರಿಜ್ ಇಲ್ಲದ ಕಾಲದಲ್ಲಿ ತರಕಾರಿ, ಮೀನು, ಮೀನಿನ ಮೊಟ್ಟೆ ಎಲ್ಲವನ್ನೂ ಉಪ್ಪಿನಲ್ಲಿ ಹೂತಿಡಬೇಕಿತ್ತು. ಮಿಸೊ ಸಾರು, ಸುಕೆಮೊನೊ ಎನ್ನುವ ಉಪ್ಪಿನಲ್ಲಿ ಊರಿಸಿದ ತರಕಾರಿ ಪ್ರತಿ ಊಟದಲ್ಲೂ ಇದ್ದೇ ಇರುತ್ತಿದ್ದವು. 1950ರ ದಶಕದ ಅಳತೆಗಳಲ್ಲಿ ಉತ್ತರ ಜಪಾನಿನ ಜನ ದಿನಕ್ಕೆ 25 ಗ್ರಾಂಗೂ ಮೀರಿ ಉಪ್ಪು ತಿನ್ನುತ್ತಿದ್ದರು. ದಕ್ಷಿಣದಲ್ಲಿ ಸುಮಾರು 14 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂ ಒಳಗೆ. ಜಾಸ್ತಿ ಉಪ್ಪು ಹೊಟ್ಟೆಯ ಒಳಪದರವನ್ನು ಕೆರೆಯುತ್ತದೆ. ಅಲ್ಲಿ ಪೈಲೋರಿ ಇದ್ದರೆ ಅದರ ಕೆಲಸ ಸುಲಭವಾಗುತ್ತದೆ. 1960ರ ದಶಕದಲ್ಲಿ ಮನೆ ಮನೆಗೆ ಫ್ರಿಜ್ ಬಂದಾಗ ಉಪ್ಪಿನಲ್ಲಿ ಹೂತಿಡುವ ಅಗತ್ಯವೇ ಕಡಿಮೆಯಾಯಿತು. ತಾಜಾ ತರಕಾರಿ, ಹಣ್ಣು ವರ್ಷವಿಡೀ ಸಿಗತೊಡಗಿತು. ನಲ್ಲಿ ಮತ್ತು ಫ್ರಿಜ್, ಎರಡೂ ಹೆಚ್ಚುಕಮ್ಮಿ ಒಂದೇ ಕಾಲದಲ್ಲಿ ಬಂದವು. ಇಳಿತದಲ್ಲಿ ಯಾವುದರ ಪಾಲು ಎಷ್ಟು ಎಂದು ಕತ್ತರಿಸಿ ಹೇಳುವುದು ಕಷ್ಟ. ನನ್ನ ಮಟ್ಟಿಗೆ ನಲ್ಲಿಯದೇ ದೊಡ್ಡ ಪಾಲು. ಯಾಕೆಂದರೆ ಉಪ್ಪು ಇನ್ನೂ ದಿನಕ್ಕೆ 10 ಗ್ರಾಂ ಆಸುಪಾಸು ಇದೆ, ಪೈಲೋರಿ ಮಾತ್ರ ಮಕ್ಕಳಲ್ಲಿ ಮಾಯವಾಗುತ್ತಿದೆ.

ಎರಡನೆಯದು ಬ್ಯಾಕ್ಟೀರಿಯಾದ ತಳಿ. ಎಲ್ಲ ಪೈಲೋರಿಯೂ ಒಂದೇ ಅಲ್ಲ. ಕ್ಯಾಗ್‌ಎ ಎಂಬ ಪ್ರೋಟೀನನ್ನು ಅದು ನಮ್ಮ ಹೊಟ್ಟೆಯ ಕೋಶಗಳೊಳಗೆ ಚುಚ್ಚಿ ಬಿಡುತ್ತದೆ. ಪೂರ್ವ ಏಷ್ಯಾದ ತಳಿಯ ಕ್ಯಾಗ್‌ಎ ಕೋಶದ ಬೆಳವಣಿಗೆಯ ಸ್ವಿಚ್ಚುಗಳನ್ನು ಪಾಶ್ಚಾತ್ಯ ತಳಿಯದಕ್ಕಿಂತ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಜಪಾನಿನ ಮುಖ್ಯ ದ್ವೀಪಗಳಲ್ಲಿ ಇರುವುದು ಬಹುತೇಕ ಈ ಜೋರಿನ ತಳಿ. ಒಕಿನಾವಾದಲ್ಲಿ ಪಾಶ್ಚಾತ್ಯ ತಳಿಯೂ ಬೆರೆತಿದೆ. ಆಫ್ರಿಕಾದ ಹಲವು ಕಡೆ ಪೈಲೋರಿ ಬಹಳ, ಹೊಟ್ಟೆ ಕ್ಯಾನ್ಸರ್ ಕಡಿಮೆ ಎಂಬ ಒಗಟು ಬಹಳ ಹಳೆಯದು. ತಳಿ, ಊಟ, ಜನರ ಸರಾಸರಿ ಆಯಸ್ಸು, ಎಣಿಕೆಯ ಗುಣಮಟ್ಟ ಎಲ್ಲವೂ ಅದರಲ್ಲಿ ಕಲೆತಿವೆ.

ಗಂಡಸರಲ್ಲಿ ಈ ಕ್ಯಾನ್ಸರ್ ಹೆಂಗಸರಿಗಿಂತ ಸುಮಾರು ಎರಡು ಪಟ್ಟು. ಸಿಗರೇಟು ಒಂದು ಕಾರಣ, ಪೂರ್ತಿ ಕಾರಣ ಅಲ್ಲ. ಸಿಗರೇಟು ಸೇದದ ಗಂಡು ಹೆಣ್ಣುಗಳ ನಡುವೆಯೂ ಅಂತರ ಉಳಿಯುತ್ತದೆ.

ಇನ್ನು ಎಣಿಕೆಯ ವಿಚಾರ. ಇದನ್ನು ಬಿಟ್ಟು ಯಾವ ದೇಶದ ಕ್ಯಾನ್ಸರ್ ಅಂಕಿ ಓದಿದರೂ ಸುಮ್ನೆ. ಮಿಯಾಗಿ ಪ್ರಾಂತ್ಯದಲ್ಲಿ 1951ರಲ್ಲೇ ಕ್ಯಾನ್ಸರ್ ರೋಗಿಗಳನ್ನು ಎಣಿಸತೊಡಗಿದ್ದರು, ಇದೇ ಸೆಗಿ ಅವರ ಮುಂದಾಳತ್ವದಲ್ಲಿ. ಹಿರೋಶಿಮಾ, ನಾಗಸಾಕಿಗಳಲ್ಲಿ 1950ರ ದಶಕದ ಕೊನೆಗೆ ಶುರುವಾಯಿತು. ಆದರೆ ಇಡೀ ದೇಶದ ಪ್ರತಿ ಆಸ್ಪತ್ರೆಯೂ ಕಡ್ಡಾಯವಾಗಿ ವರದಿ ಮಾಡಬೇಕೆಂಬ ಕಾನೂನು ಜಾರಿಯಾದದ್ದು 2016ರ ಜನವರಿಯಲ್ಲಿ. ಅದಕ್ಕೂ ಮೊದಲಿನ ರಾಷ್ಟ್ರೀಯ ಅಂಕಿಗಳೆಲ್ಲ ಕೆಲವು ಪ್ರಾಂತ್ಯಗಳ ಲೆಕ್ಕ ಹಿಡಿದು ಹಾಕಿದ ಅಂದಾಜು. ಹಾಗಾಗಿ 2015ರಿಂದ 16ಕ್ಕೆ ದಾಟುವ ಕಡೆ ಏರಿಕೆ ಕಂಡರೆ, ಕಾಯಿಲೆ ಏರಿತೋ ಎಣಿಕೆ ಸರಿಹೋಯಿತೋ ಎಂದು ಮೊದಲು ಕೇಳಬೇಕು.

ಯಾವುದನ್ನು ಕ್ಯಾನ್ಸರ್ ಅನ್ನಬೇಕು ಎಂಬುದರಲ್ಲೂ ತಕರಾರಿದೆ. 1997ರಲ್ಲಿ ಜಪಾನಿನ ಮತ್ತು ಪಾಶ್ಚಾತ್ಯ ರೋಗಶಾಸ್ತ್ರಜ್ಞರಿಗೆ ರೋಗಿಗಳ ಹೊಟ್ಟೆಯ ಒಳಪದರದ ಚೂರುಗಳಿದ್ದ ಅವೇ ಗಾಜಿನ ಪಟ್ಟಿಗಳನ್ನು ಕೊಟ್ಟು ನೋಡಿದರು. ಪಾಶ್ಚಾತ್ಯರು "ಇನ್ನೂ ಕ್ಯಾನ್ಸರ್ ಆಗಿಲ್ಲ, ಆಗುವ ಹಾದಿಯಲ್ಲಿದೆ" ಎಂದ ಎಷ್ಟೋ ಗಾಯಗಳನ್ನು ಜಪಾನಿನವರು "ಕ್ಯಾನ್ಸರ್" ಎಂದರು. ಪಾಶ್ಚಾತ್ಯರು ಕೋಶ ಒಳಗೆ ನುಗ್ಗಿದೆಯಾ ಎಂದು ನೋಡುತ್ತಾರೆ. ಜಪಾನಿನವರು ಕೋಶದ ಮುಖಚಹರೆ ನೋಡಿಯೇ ತೀರ್ಮಾನಿಸುತ್ತಾರೆ. ಜಪಾನಿನ ದರ ಮೇಲಿರುವುದಕ್ಕೆ ಇದೂ ಒಂದು ಪಾಲು ಸೇರಿಸುತ್ತದೆ, ಗುಣವಾಗುವವರ ಪ್ರಮಾಣಕ್ಕೂ ಸೇರಿಸುತ್ತದೆ. 2009ರಿಂದ 11ರ ನಡುವೆ ರೋಗ ಪತ್ತೆಯಾದ ಜಪಾನೀಯರಲ್ಲಿ ಐದು ವರ್ಷ ಬದುಕುಳಿದವರು ನೂರಕ್ಕೆ ಸುಮಾರು 67. ಗಡ್ಡೆ ಹೊಟ್ಟೆಯಾಚೆ ಹರಡದವರಲ್ಲಿ ನೂರಕ್ಕೆ ಸುಮಾರು 97. ಬಹಳಷ್ಟು ದೇಶಗಳಲ್ಲಿ ಒಟ್ಟು ಪ್ರಮಾಣ ನೂರಕ್ಕೆ 40 ದಾಟುವುದೇ ಕಷ್ಟ. ಅಂತರದ ಬಹುಪಾಲು ನಿಜವಾದದ್ದು, ಬೇಗ ಪತ್ತೆ ಹಚ್ಚಿದ್ದರ ಫಲ. ಒಂದಿಷ್ಟು ಮಾತ್ರ ಹೆಸರಿಡುವ ರೀತಿಯದು.

ಬೇಗ ಪತ್ತೆ ಹಚ್ಚುವುದರಲ್ಲಿ ಜಪಾನಿನವರ ಹಟ ಮೆಚ್ಚಬೇಕಾದ್ದೇ. 1960ರಲ್ಲಿ ಮಿಯಾಗಿಯಲ್ಲಿ ಎಕ್ಸ್‌ರೇ ಯಂತ್ರ ಹೊತ್ತ ಬಸ್ಸು ಹಳ್ಳಿಗಳಿಗೆ ಹೊರಟಿತು. ಹೊಟ್ಟೆ ಎಕ್ಸ್‌ರೇಯಲ್ಲಿ ಕಾಣಲೆಂದು ಜನ ಸುಣ್ಣದ ನೀರಿನಂಥ ಬೇರಿಯಂ ಕುಡಿದು ಯಂತ್ರದ ಮೇಲೆ ಹೊರಳಾಡಬೇಕಿತ್ತು. 1983ರಿಂದ ಇದು ಇಡೀ ದೇಶದ ಕಾರ್ಯಕ್ರಮವಾಯಿತು. 2016ರಲ್ಲಿ ಆರೋಗ್ಯ ಸಚಿವಾಲಯ ಎಂಡೋಸ್ಕೋಪಿಯನ್ನೂ ಸೇರಿಸಿ, 50 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಎಂದು ಹೇಳಿತು.

ಈಗಿನ ಜಗಳ ಶುರುವಾಗುವುದು ಇಲ್ಲೇ. 50 ದಾಟಿದವರೆಲ್ಲರಿಗೂ ಒಂದೇ ತಪಾಸಣೆ ಎಂಬ ನಿಯಮ, 50 ದಾಟಿದವರಲ್ಲಿ ಹೆಚ್ಚಿನವರ ಹೊಟ್ಟೆಯಲ್ಲಿ ಪೈಲೋರಿ ಇದ್ದ ಕಾಲಕ್ಕೆ ಸರಿಯಿತ್ತು. ಇವತ್ತು 50ಕ್ಕೆ ಕಾಲಿಡುತ್ತಿರುವವರು 1970ರ ದಶಕದಲ್ಲಿ ಹುಟ್ಟಿದವರು. ಅವರಲ್ಲಿ ಮೂರರಲ್ಲಿ ಒಬ್ಬರಿಗಷ್ಟೇ ಸೋಂಕು ತಾಗಿತ್ತು. 1980ರಲ್ಲಿ ಹುಟ್ಟಿದವರು 50ಕ್ಕೆ ಕಾಲಿಡುವಾಗ ಅದು ನಾಲ್ಕರಲ್ಲಿ ಒಬ್ಬರು. ಉಳಿದವರ ಗಂಟಲಿಗೆ ಎರಡು ವರ್ಷಕ್ಕೊಮ್ಮೆ ಕೊಳವೆ ಇಳಿಸಿ ಏನು ಹುಡುಕುವುದು? ರಕ್ತ ಪರೀಕ್ಷೆಯಲ್ಲಿ ಪೈಲೋರಿಯ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಮತ್ತು ಹೊಟ್ಟೆಯ ಒಳಪದರ ಎಷ್ಟು ಕೆಟ್ಟಿದೆ ಎಂದು ಸೂಚಿಸುವ ಪೆಪ್ಸಿನೋಜೆನ್ ಮಟ್ಟ ನೋಡಿ, ಅಪಾಯ ಇರುವವರನ್ನು ಮಾತ್ರ ಎಂಡೋಸ್ಕೋಪಿಗೆ ಕಳಿಸೋಣ ಎಂಬ ವಾದ ಬಹಳ ದಿನದಿಂದಿದೆ. ಕೆಲವು ಸ್ಥಳೀಯ ಆಡಳಿತಗಳು ಹಾಗೆ ಮಾಡಿಯೂ ಇವೆ. ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ 2014ರ ಮಾರ್ಗಸೂಚಿ ಇದಕ್ಕೆ ಒಪ್ಪಲಿಲ್ಲ. ಇದರಿಂದ ಸಾವು ಕಡಿಮೆಯಾಗುತ್ತದೆ ಎಂಬುದಕ್ಕೆ ಪುರಾವೆ ಸಾಲದು ಎಂದಿತು.

ಆ ಎಚ್ಚರಿಕೆಗೂ ಅರ್ಥವಿದೆ. 2013ರ ಫೆಬ್ರವರಿಯಲ್ಲಿ ಜಪಾನಿನ ಆರೋಗ್ಯ ವಿಮೆ, ಪೈಲೋರಿಯಿಂದಾದ ಉರಿಯೂತಕ್ಕೂ ಔಷಧಿ ಕೊಡಲು ಒಪ್ಪಿತು. ಅಲ್ಲಿಯವರೆಗೆ ಮುಖ್ಯವಾಗಿ ಅಲ್ಸರ್ ಇದ್ದವರಿಗೆ ಕೊಡುತ್ತಿದ್ದರು. ಆಮೇಲೆ ಲಕ್ಷಾಂತರ ಜನ ಒಂದು ವಾರದ ಮಾತ್ರೆ ನುಂಗಿ ಪೈಲೋರಿಯನ್ನು ಓಡಿಸಿದರು. ಓಡಿಸಿದರೆ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಸೊನ್ನೆಗೆ ಅಲ್ಲ. ಐವತ್ತು ವರ್ಷ ಉರಿದು ತೆಳುವಾದ ಒಳಪದರ ಒಂದು ವಾರದ ಮಾತ್ರೆಗೆ ಮೊದಲಿನಂತಾಗುವುದಿಲ್ಲ. ರಕ್ತ ಪರೀಕ್ಷೆಯಲ್ಲೋ, ಮಾತ್ರೆ ನುಂಗಿದವರ ಪ್ರತಿಕಾಯ ಇಳಿದಿರುತ್ತದೆ. ಎಂದೂ ಸೋಂಕಿಲ್ಲದವರ ಸಾಲಿನಲ್ಲಿ ಅವರು ತಪ್ಪಾಗಿ ನಿಲ್ಲಬಹುದು. ಈ ಎರಡು ಗುಂಪು ಬೆರೆತುಹೋದರೆ ಇಡೀ ವಿಂಗಡಣೆ ಕೆಡುತ್ತದೆ. ನನಗೆ ಅನ್ನಿಸುವುದು, ವಿಂಗಡಿಸುವ ದಿನ ಬಂದೇ ಬರುತ್ತದೆ. ಆದರೆ ಮಾತ್ರೆ ನುಂಗಿದ್ದೀರಾ ಎಂಬ ಪ್ರಶ್ನೆಗೆ ಸರಿಯಾದ ದಾಖಲೆ ಇಟ್ಟುಕೊಳ್ಳದೆ ಅದನ್ನು ಮಾಡಬಾರದು.

ಮಕ್ಕಳ ವಿಷಯದಲ್ಲಿ ಸಾಗಾ ಪ್ರಾಂತ್ಯ ಬೇರೆ ದಾರಿ ಹಿಡಿದಿದೆ. ಅಲ್ಲಿ 2016ರಿಂದ ಮಿಡ್ಲ್ ಸ್ಕೂಲಿನ ಕೊನೆಯ ವರ್ಷದ, ಅಂದರೆ 14-15 ವಯಸ್ಸಿನ ಮಕ್ಕಳ ಮೂತ್ರ ಪರೀಕ್ಷೆ ಮಾಡಿ, ಅನುಮಾನ ಬಂದವರ ಮಲ ಪರೀಕ್ಷೆ ಮಾಡಿ, ಪೈಲೋರಿ ಇದ್ದವರಿಗೆ ಮನೆಯವರು ಒಪ್ಪಿದರೆ ಔಷಧಿ ಕೊಡುತ್ತಾರೆ. ಮಕ್ಕಳ ತಜ್ಞರಲ್ಲಿ ಹಲವರಿಗೆ ಇದು ಇಷ್ಟವಿಲ್ಲ. ಯಾವ ತೊಂದರೆಯೂ ಇಲ್ಲದ ಮಗುವಿಗೆ ಎರಡು ಬಗೆಯ ಆ್ಯಂಟಿಬಯೋಟಿಕ್ ಯಾಕೆ, ಅದರಿಂದ ಬೇರೆ ತೊಂದರೆ ಬಂದರೆ ಯಾರು ಹೊಣೆ ಎಂಬುದು ಅವರ ಪ್ರಶ್ನೆ. ಒಳಪದರ ಕೆಡುವ ಮೊದಲೇ, ಇವರು ತಂದೆ ತಾಯಿಯಾಗಿ ತಮ್ಮ ಮಕ್ಕಳಿಗೆ ಅಂಟಿಸುವ ಮೊದಲೇ ಬೇರು ಕೀಳೋಣ ಎಂಬುದು ಇನ್ನೊಂದು ಕಡೆಯವರ ಮಾತು. ಯಾರು ಸರಿ ಎಂದು ತೀರ್ಮಾನಿಸುವ ಅಂಕಿ ಬೇಗ ಸಿಗುವುದಿಲ್ಲ. ಸಾಗಾದಲ್ಲಿ ಮೊದಲ ವರ್ಷ ಪರೀಕ್ಷೆಗೆ ಮೂತ್ರ ಕೊಟ್ಟ ಮಕ್ಕಳಿಗೆ 50 ತುಂಬುವುದು 2051ರ ಸುಮಾರಿಗೆ.